ನೋಡಿ ಬರೋದು, ಇದ್ದು ಬರೋದು

ನಮ್ಮ ಮನೆಗೂ ಮೇಷ್ಟ್ರ ಮನೆಗೂ ನಡುವೆ ಒಂದು ಮುಳ್ಳುತಂತಿ ಬೇಲಿ ಇದೆ. ತಂತಿ ಎಲ್ಲಿದೆ ಅಂತ ಈಗ ನಮಗೇ ಗೊತ್ತಿಲ್ಲ. ಅವರು ಹಬ್ಬಿಸಿದ ತೊಂಡೆ ಬಳ್ಳಿ ಅದನ್ನು ನುಂಗಿ ವರ್ಷಗಳಾದವು. ಬಳ್ಳಿಯ ಬೇರು ಅವರ ಕಡೆ, ಕಾಯಿ ಬಹುಪಾಲು ನಮ್ಮ ಕಡೆ. ಈ ಬಗ್ಗೆ ಒಪ್ಪಂದವೂ ಆಗಿಲ್ಲ, ತಕರಾರೂ ಬಂದಿಲ್ಲ. ಹಿಂದೂಪುರದಲ್ಲಿ ಆಂಧ್ರ, ಕರ್ನಾಟಕದ ನಡುವಿನ ಗಡಿಯೂ ಹೆಚ್ಚುಕಡಿಮೆ ಹೀಗೇ ಇದೆ. ನಾನು ಮಡಕಶಿರದ ಕಡೆಯವನು, ಮೇಷ್ಟ್ರು ಕಲ್ಯಾಣದುರ್ಗದ ಕಡೆಯವರು. ಬೋರ್ಡು ಓದುವುದು ತೆಲುಗಿನಲ್ಲಿ, ಬೈಯುವುದು ಎರಡರಲ್ಲೂ, ಹರಟೆ ಮಾತ್ರ ಕನ್ನಡದಲ್ಲಿ.

ಹೋದ ಡಿಸೆಂಬರಿನ ಒಂದು ಬೆಳಿಗ್ಗೆ ಬಳ್ಳಿಯ ಮೇಲಿಂದ ಮೇಷ್ಟ್ರ ತಲೆ ಎದ್ದಿತು.

"ಗೌಡ್ರೇ, ಮೊಮ್ಮಗ ಬರ್ತಾ ಇದ್ದಾನೆ. ಬಂದವನು ಕ್ಯಾಂಪ್ ಹೋಗಬೇಕಂತೆ. ನೀವೂ ಬರಬೇಕು."

ಒಳಗಿಂದ ನಮ್ಮ ಮನೆಯವಳು ಕೂಗಿದಳು: "ಅವರಿಗೆ ಆಪರೇಷನ್ ಆಗಿ ಎರಡು ವರ್ಷ ಆಯ್ತು ಮೇಷ್ಟ್ರೇ, ಕಣ್ಣು ಚೆನ್ನಾಗೇ ಕಾಣ್ತದೆ!"

ಅವಳ ತಪ್ಪಲ್ಲ. ನಮ್ಮ ಕಡೆ ಕ್ಯಾಂಪು ಅಂದರೆ ಕಣ್ಣಿನದು, ರಕ್ತದಾನದ್ದು, ಇಲ್ಲವೆ ಆಧಾರ್ ಕಾರ್ಡಿನದು. ಇನ್ನೊಂದು ಅರ್ಥ ಸರ್ಕಾರಿ ಕಚೇರಿಯದು. "ಸಾಹೇಬರು ಕ್ಯಾಂಪಲ್ಲಿದ್ದಾರೆ" ಅಂದರೆ ಸಾಹೇಬರು ಎಲ್ಲಿದ್ದಾರೋ ಯಾರಿಗೂ ಗೊತ್ತಿಲ್ಲ, ನಾಳೆ ಬನ್ನಿ ಅಂತ. ದುಡ್ಡು ಕೊಟ್ಟು, ಬೇಕಂತಲೇ, ಸುಖಕ್ಕಾಗಿ ಹೊರಗೆ ಮಲಗುವುದಕ್ಕೂ ಅದೇ ಹೆಸರಿದೆ ಅಂತ ಅವಳಿಗೆ ಹೇಗೆ ಗೊತ್ತಾಗಬೇಕು?

ಮೇಷ್ಟ್ರ ಮೊಮ್ಮಗ ಇಂಗ್ಲೆಂಡಿನಲ್ಲೇ ಹುಟ್ಟಿ ಬೆಳೆದ ಹುಡುಗ. ಇಪ್ಪತ್ತೆರಡು ವರ್ಷ. ಕನ್ನಡ ಬರುತ್ತದೆ, ಬಹುವಚನ ಬರುವುದಿಲ್ಲ. ಬಂದವನೇ ಬೇಲಿಯ ಹತ್ತಿರ ನಿಂತು, "ನೀನು ಹೇಗಿದ್ದೀಯ ಗೌಡ್ರೇ?" ಅಂದ. ಕ್ರಿಯಾಪದ ಕೆಳಗಿಳಿಸಿದ್ದನ್ನು 'ಗೌಡ್ರೇ' ಎತ್ತಿ ಹಿಡಿಯಿತು ಅಂತ ಸಮಾಧಾನ ಮಾಡಿಕೊಂಡೆ.

ಅವನು ಫೋನಿನಲ್ಲಿ ಫೋಟೋ ತೋರಿಸಿದ. ಲಡ್ಲೋ ಅಂತ ಊರು. ಕೋಟೆ, ಕೋಟೆಯ ಮುಂದೆಯೇ ಸಂತೆ ಮಾಳ, ಕೆಳಗೆ ಹರಿಯುವ ನದಿ. ಊರಾಚೆ ಯಾರದೋ ಹುಲ್ಲುಗಾವಲಲ್ಲಿ ಇವನೂ ಸ್ನೇಹಿತರೂ ಟೆಂಟು ಹಾಕಿಕೊಂಡು ಮೂರು ರಾತ್ರಿ ಮಲಗಿದ್ದರಂತೆ.

"ಹೊಲದವನು ಸುಮ್ಮನೆ ಬಿಟ್ಟನೇ?" ಅಂತ ಕೇಳಿದೆ.

"ಇಲ್ಲ, ರಾತ್ರಿಗೆ ಇಪ್ಪತ್ತು ಪೌಂಡ್ ಕೊಡಬೇಕು."

ಮೇಷ್ಟ್ರು ಮನಸ್ಸಿನಲ್ಲೇ ಗುಣಿಸಿದರು. "ಎರಡು ಸಾವಿರ ದಾಟ್ತದೆ. ಹೊಲದಲ್ಲಿ ಮಲಗೋಕೆ!"

"ಊರು ನೋಡೋಕೆ, ತಾತ. ಇಲ್ಲೂ ಹಾಗೇ ಮಾಡೋಣ. ಹಿಂದೂಪುರ ಕೂಡ ಹಳೇ ಸಂತೆ ಊರಲ್ವಾ?"

ಅಲ್ಲ ಅನ್ನುವ ಹಾಗಿಲ್ಲ. ಗುತ್ತಿಯ ಮರಾಠಾ ಸರದಾರ ಮುರಾರಿರಾವ್ ಈ ಊರು ಕಟ್ಟಿಸಿ ತನ್ನ ತಂದೆಯ ಬಿರುದಿನ ಹೆಸರಿಟ್ಟ ಅಂತ ಹೇಳುತ್ತಾರೆ. ಸರದಾರ ಹೋದ, ಸಂತೆ ನಿಂತಿತು. ಬೆಲ್ಲ, ಹುಣಸೆಹಣ್ಣು, ಮೆಣಸಿನಕಾಯಿ, ರೇಷ್ಮೆಗೂಡು ಇವತ್ತಿಗೂ ಈ ಊರಿಗೇ ಬರುತ್ತವೆ. ಸಿಹಿ, ಹುಳಿ, ಖಾರ ಒಂದೇ ಬೀದಿಗೆ ಬರುವ ಊರು ಇದು. ರಾಜಕೀಯಕ್ಕೂ ಬರ ಇಲ್ಲ; ಎನ್.ಟಿ. ರಾಮರಾಯರು 1985ರಿಂದ ಮೂರು ಸಲ ಇಲ್ಲಿಂದಲೇ ಗೆದ್ದರು. ಕೋಟೆ ಬೇಕೋ, ಪೆನುಕೊಂಡದಲ್ಲಿದೆ. 1565ರಲ್ಲಿ ಹಂಪೆ ಹಾಳಾದ ಮೇಲೆ ವಿಜಯನಗರದವರು ಗಂಟುಮೂಟೆ ಕಟ್ಟಿಕೊಂಡು ಬಂದು ಕೂತದ್ದು ಆ ಬೆಟ್ಟದ ಬುಡದಲ್ಲೇ. ಈಗ ಅದರ ಹತ್ತಿರ ಕಿಯಾ ಕಾರು ತಯಾರಾಗುತ್ತದೆ. ನದಿ ಬೇಕೋ, ಪೆನ್ನೆ ಇದೆ. ನಂದಿಬೆಟ್ಟದ ಸೀಮೆಯಲ್ಲಿ ಹುಟ್ಟಿ ಗೌರಿಬಿದನೂರು ದಾಟಿ ಬರುತ್ತದೆ. ಬರುತ್ತದೆ ಅನ್ನುವುದು ಭೂಗೋಳದ ಪುಸ್ತಕದ ಮಾತು. ನಿಜವಾಗಿ ನೀರು ಬಂದ ವರ್ಷ ನಾವು ತೇರು ನೋಡುವವರ ಹಾಗೆ ಸೇತುವೆ ಮೇಲೆ ಹೋಗಿ ನಿಲ್ಲುತ್ತೇವೆ.

"ಲಡ್ಲೋದಲ್ಲಿ ಎಲ್ಲಾ ಒಂದೇ ಕಡೆ ಇಟ್ಟಿದ್ದಾರೆ. ನಮ್ಮದು ಸ್ವಲ್ಪ ಹರಡಿಕೊಂಡಿದೆ, ಅಷ್ಟೇ" ಅಂದರು ಮೇಷ್ಟ್ರು. ಮೂರು ದಿನ, ಮೂರು ರಾತ್ರಿ ಅಂತ ತೀರ್ಮಾನವಾಯಿತು.

ಮೊದಲ ದಿನ ಲೇಪಾಕ್ಷಿ. ಹಿಂದೂಪುರದಿಂದ 15 ಕಿಲೋಮೀಟರ್ ಅಷ್ಟೇ. ಇಷ್ಟು ಹತ್ತಿರ ಇದ್ದದ್ದರಿಂದಲೇ ನಾನು ಅಲ್ಲಿಗೆ ನೆಂಟರ ಜೊತೆ ಬಿಟ್ಟು ಯಾವತ್ತೂ ಹೋಗಿರಲಿಲ್ಲ. ನೆಂಟರ ಜೊತೆ ಹೋದವನು ದೇವಸ್ಥಾನ ನೋಡುವುದಿಲ್ಲ, ಚಪ್ಪಲಿ ನೋಡಿಕೊಳ್ಳುತ್ತಾನೆ. ಈ ಸಲ ಪುರುಸೊತ್ತಾಗಿ ನೋಡಿದೆ. ಸುಮಾರು 15 ಅಡಿ ಎತ್ತರ, 27 ಅಡಿ ಉದ್ದದ ಬಸವಣ್ಣ, ಒಂದೇ ಬಂಡೆ. ಏಳು ಹೆಡೆಯ ನಾಗ. ಚಾವಣಿಯ ತುಂಬ ಬಣ್ಣದ ಚಿತ್ರಗಳು. ಅಚ್ಯುತರಾಯನ ಕಾಲದಲ್ಲಿ, ಅಂದರೆ 1530ರ ಆಚೀಚೆ, ಪೆನುಕೊಂಡದ ಅಧಿಕಾರಿಗಳಾಗಿದ್ದ ವಿರೂಪಣ್ಣ, ವೀರಣ್ಣ ಅಣ್ಣತಮ್ಮಂದಿರು ಕಟ್ಟಿಸಿದ್ದು. ಗೋಡೆಯ ಶಾಸನಗಳಲ್ಲಿ ಕನ್ನಡ ಕಂಡು ಮೇಷ್ಟ್ರು ಮೊಮ್ಮಗನ ಹೆಗಲು ತಟ್ಟಿದರು. ಅವನು ಅಕ್ಷರ ಓದಲಾರ. ತಾತನ ಮುಖ ಓದಿದ.

ನೇತಾಡುವ ಕಂಬದ ಹತ್ತಿರ ಎಲ್ಲರೂ ಮಾಡುವುದನ್ನೇ ನಾವೂ ಮಾಡಿದೆವು: ಬುಡದ ಸಂದಿನಲ್ಲಿ ನನ್ನ ಟವಲು ತೂರಿಸಿ ಆಚೆಯಿಂದ ಎಳೆದೆವು. ವಿರೂಪಣ್ಣನ ಕಥೆಯನ್ನು ಮೇಷ್ಟ್ರೇ ಹೇಳಿದರು. ರಾಯರ ಅಪ್ಪಣೆಯಿಲ್ಲದೆ ಖಜಾನೆ ದುಡ್ಡು ಗುಡಿಗೆ ಸುರಿದ, ದೂರು ಹೋಯಿತು, ರಾಯರು ಶಿಕ್ಷೆ ಕೊಡುವ ಮೊದಲೇ ತನ್ನ ಕಣ್ಣು ತಾನೇ ಕಿತ್ತು ಗೋಡೆಗೆ ಹೊಡೆದ. ಆ ಎರಡು ಕೆಂಪು ಕಲೆ ಇವೇ ಅಂತ ತೋರಿಸುತ್ತಾರೆ. ಮೂವತ್ತು ವರ್ಷ ಸೊಸೈಟಿ ಲೆಕ್ಕ ಬರೆದವನು ನಾನು. "ಆಡಿಟ್ ಆಕ್ಷೇಪಣೆಗೆ ಇಂಥ ಉತ್ತರ ಬರೆದವನನ್ನ ನಾನು ನೋಡಿಲ್ಲ" ಅಂದೆ. ಅರ್ಧಕ್ಕೇ ನಿಂತ ಕಲ್ಯಾಣಮಂಟಪದ ಕಂಬಗಳು ಚಾವಣಿಯಿಲ್ಲದೆ ಆಕಾಶಕ್ಕೆ ಕೈಯೆತ್ತಿ ನಿಂತಿದ್ದವು. ಹುಡುಗ ಅವುಗಳ ಆಚೆ ಬಯಲು ಕಂಡು, "ಟೆಂಟ್ ಹಾಕೋಕೆ ಎಷ್ಟು ಚೆನ್ನಾಗಿದೆ!" ಅಂದ.

ಸಂಜೆಯಾಗುತ್ತಿದ್ದಂತೆ ಕಾವಲುಗಾರ ಬಂದ. ಒಳ್ಳೆಯ ಮನುಷ್ಯ. "ರಾತ್ರಿ ಇಲ್ಲಿ ದೇವರು ಬಿಟ್ಟು ಯಾರೂ ಇರೋ ಹಾಗಿಲ್ಲ" ಅಂದ. ಹಿಂದೂಪುರ ಹದಿನೈದೇ ಕಿಲೋಮೀಟರ್ ಆದ್ದರಿಂದ ಮನೆಗೇ ವಾಪಸು ಬಂದೆವು. ಬಿಸಿ ಉಪ್ಪಿಟ್ಟು ತಿಂದು, ಮೊದಲ ರಾತ್ರಿಯ ಟೆಂಟನ್ನು ಮೇಷ್ಟ್ರ ಮಾಳಿಗೆಯ ಮೇಲೆ ಹಾಕಿದ್ದಾಯಿತು.

ಎರಡನೆಯ ದಿನ ಮಡಕಶಿರ ದಾಟಿ ಹೇಮಾವತಿಗೆ. ನನ್ನ ಸೀಮೆ ಅದು. ಮಡಕಶಿರ, ರೊಳ್ಳ, ಅಗಳಿ, ಗುಡಿಬಂಡೆ, ಅಮರಾಪುರ: ನಕ್ಷೆಯಲ್ಲಿ ಆಂಧ್ರ, ಅಂಗಳದಲ್ಲಿ ಕನ್ನಡ. ಹೇಮಾವತಿಯ ಹಳೇ ಹೆಸರು ಹೆಂಜೇರು, ನೊಳಂಬರ ರಾಜಧಾನಿ. ಲಡ್ಲೋ ಕೋಟೆ ಕಟ್ಟಲು ನಾರ್ಮನ್ನರು ಇಂಗ್ಲೆಂಡಿಗೆ ಕಾಲಿಡುವ ಹೊತ್ತಿಗೆ ನೊಳಂಬರು ಆಳಿ ಮುಗಿಸಿಯೂ ಆಗಿತ್ತು. ಇದನ್ನು ಹೇಳಿದಾಗ ಹುಡುಗ ನಂಬದೆ ಫೋನು ತೆಗೆದ, ನೋಡಿದ, ಸುಮ್ಮನಾದ. ಅಲ್ಲಿಯ ಸಿದ್ಧೇಶ್ವರನದು ಲಿಂಗವಲ್ಲ. ಮನುಷ್ಯನ ಹಾಗೆ ಕೂತಿದ್ದಾನೆ, ಯಾರೋ ಬರುತ್ತೇನೆಂದು ಹೇಳಿದವರನ್ನು ಕಾಯುತ್ತಿರುವ ಹಾಗೆ. ಕರೀ ಕಲ್ಲಿನ ನಂದಿಗಳ ಮೈ ಈಗಷ್ಟೇ ಎಣ್ಣೆ ಹಚ್ಚಿದಂತೆ ಹೊಳೆಯುತ್ತದೆ. ಈ ಊರಿನ ಕಲ್ಲಿಗೆ ಎಷ್ಟು ಬೆಲೆ ಅಂದರೆ, ಇಲ್ಲಿನ ಶಿಲ್ಪಗಳು ಮದರಾಸಿನ ಮ್ಯೂಸಿಯಮ್ಮಿನಲ್ಲೂ ಇವೆ. ಅಷ್ಟು ಹೋದ ಮೇಲೂ ಉಳಿದದ್ದು ಇಷ್ಟು. ನಾವು ಹೋದಾಗ ನೋಡುವವರು ನಾವು ನಾಲ್ವರೇ: ಮೇಷ್ಟ್ರು, ನಾನು, ಹುಡುಗ, ಒಂದು ಆಡು.

ರಾತ್ರಿಗೆ ಅಮರಾಪುರದ ಹತ್ತಿರ ನಮ್ಮ ದೊಡ್ಡಮ್ಮನ ಮಗಳ ಅಡಿಕೆ ತೋಟ. ಟೆಂಟು ಹಾಕಲು ಒಪ್ಪಿಗೆ ಕೇಳಲು ಹೋದೆವು. ಅದೇ ತಪ್ಪಾಯಿತು.

"ಹೊರಗ್ ಮಲಗ್ತೀರಾ?" ಅಂದಳು ಅಕ್ಕ. "ಮನೆ ಇಟ್ಕಂಡು ತಮ್ಮನ್ನ ಆಚೆ ಮಲಗ್ಸವ್ಳೆ ಅಂತ ಊರೋರು ಅನ್ನಲ್ವಾ? ನಾನೇನ್ ಸತ್ತೋಗಿದ್ದೀನಾ?"

ಹುಡುಗ ಮಧ್ಯೆ ಬಂದ. "ನೀನು ಬೇಜಾರು ಮಾಡ್ಕೋಬೇಡ ಅಜ್ಜಿ, ನಮಗೆ ನೆಲದ ಮೇಲೆ ಮಲಗೋದು ಇಷ್ಟ."

ಎಂಬತ್ತು ದಾಟಿದ ಅಕ್ಕನನ್ನು ಊರಲ್ಲಿ ಏಕವಚನದಲ್ಲಿ ಮಾತಾಡಿಸುವವರು ಯಾರೂ ಉಳಿದಿರಲಿಲ್ಲ. ಅವಳು ಅವನನ್ನೇ ಒಂದು ಗಳಿಗೆ ನೋಡಿ, "ಸದ್ಯ, ಮನೇ ಮಗೀನಂಗೆ ಮಾತಾಡ್ತದೆ" ಅಂತ ಕರಗಿಹೋದಳು. ಟೆಂಟಿನ ವಿಷಯದಲ್ಲಿ ಮಾತ್ರ ಕರಗಲಿಲ್ಲ. ಅವರೆಕಾಳು ಸಾರು, ಮುದ್ದೆ ಉಂಡು ನಡುಮನೆಯಲ್ಲಿ ಚಾಪೆ ಹಾಸಿಕೊಂಡು ಮಲಗಿದೆವು. ನೆಲದ ಆಸೆಯಂತೂ ತೀರಿತು.

ಮೂರನೆಯ ದಿನ ಮೇಷ್ಟ್ರ ಸೀಮೆ. ಮಡಕಶಿರದಿಂದ ಕಲ್ಯಾಣದುರ್ಗಕ್ಕೆ ಹೋಗುವ ದಾರಿಯೇ ಒಂದು ಪಾಠ: ಆಂಧ್ರದಿಂದ ಹೊರಟು, ಕರ್ನಾಟಕದ ಪಾವಗಡ ದಾಟಿ, ಮತ್ತೆ ಆಂಧ್ರಕ್ಕೆ. ಹುಡುಗನ ಫೋನು ಪ್ರತಿ ಸಲವೂ ಹೊಸ ರಾಜ್ಯಕ್ಕೆ ಸ್ವಾಗತ ಕೋರಿತು. ನೆಲ ಏನೂ ಹೇಳಲಿಲ್ಲ. ಅದೇ ಕೆಂಪು ಮಣ್ಣು, ಅದೇ ಗುಂಡುಕಲ್ಲು, ಕಿತ್ತು ಮುಗಿದ ಶೇಂಗಾ ಹೊಲ, ಬೇಲಿಗೆ ಜಾಲಿ. ಪಾವಗಡದಲ್ಲಿ 13,000 ಎಕರೆ ಸುಮಾರಿಗೆ ಹಾಸಿದ ಸೋಲಾರ್ ಹಲಗೆಗಳನ್ನು ದೂರದಿಂದ ಕಂಡು ಹುಡುಗ "ಕೆರೆ!" ಅಂದ. ಕೆರೆ ನೋಡದೆ ವರ್ಷವಾದ ನಮಗೂ ಒಂದು ಕ್ಷಣ ಹಾಗೇ ಅನ್ನಿಸಿತು.

ಕಂಬದೂರಿನ ಹತ್ತಿರ ಮೇಷ್ಟ್ರು ಕಾರು ನಿಲ್ಲಿಸಿ ಕೈ ಮುಗಿದರು. ರಾಳ್ಳಪಲ್ಲಿ ಅನಂತಕೃಷ್ಣಶರ್ಮರು 1893ರಲ್ಲಿ ಹುಟ್ಟಿದ ಸೀಮೆ ಅದು. ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ತೆಲುಗು ಕಲಿಸಿದರು, ಕನ್ನಡದಲ್ಲಿ ಬರೆದರು, ತಿರುಪತಿಯಲ್ಲಿ ಅನ್ನಮಾಚಾರ್ಯರ ಪದಗಳಿಗೆ ರಾಗ ಕಟ್ಟಿದರು. "ಅವರು ಆಂಧ್ರದವರಾ, ಕರ್ನಾಟಕದವರಾ?" ಅಂತ ಹುಡುಗ ಕೇಳಿದ. "ಎರಡು ಕಡೆಯೂ ಇದ್ದು ಬಂದವರು" ಅಂದರು ಮೇಷ್ಟ್ರು. ಆ ಮಾತು ನನ್ನ ಕಿವಿಯಲ್ಲಿ ಉಳಿಯಿತು.

ಕಲ್ಯಾಣದುರ್ಗದ ಹತ್ತಿರ ಮುದಿಗಲ್ಲು ಅಂತ ಊರಿದೆ. ಅಲ್ಲಿ ಬೃಹತ್ ಶಿಲಾಯುಗದವರ ಸಮಾಧಿಗಳು. ನಾಲ್ಕು ಕಡೆ ಕಲ್ಲು ಚಪ್ಪಡಿ ನಿಲ್ಲಿಸಿ, ಮೇಲೊಂದು ಮುಚ್ಚಿದರೆ ಮುಗಿಯಿತು. ಹುಡುಗ ಸುತ್ತು ಹಾಕಿ ನೋಡಿ, "ಇದೂ ಟೆಂಟೇ" ಅಂದ. "ಹೌದಪ್ಪ," ಅಂದರು ಮೇಷ್ಟ್ರು, "ಇದರೊಳಗೆ ಹೋದವರು ವಾಪಸು ಹೊರಡಲಿಲ್ಲ."

ಸಂಜೆಗೆ ಮೇಷ್ಟ್ರ ತಮ್ಮನ ಮಗನ ಹೊಲ. ಆತ ಊರಲ್ಲಿರಲಿಲ್ಲ, ಒಳಗೆ ಬನ್ನಿ ಅನ್ನುವ ಅಕ್ಕಂದಿರೂ ಇರಲಿಲ್ಲ. ಹಾಗಾಗಿ ಕೊನೆಗೂ ಟೆಂಟು ಎದ್ದಿತು. ಕಿತ್ತಳೆ ಬಣ್ಣದ್ದು. ಹದಿನೈದೇ ನಿಮಿಷದಲ್ಲಿ ಬಯಲಲ್ಲಿ ಹತ್ತು ಜನ ಸೇರಿದರು.

"ಏಮಿ ಸಾರೂ, ಸರ್ವೇನಾ?"

ಅಲ್ಲ ಅಂದೆ.

"ಫ್ಯಾನಾ, ಸೋಲಾರಾ?"

ಫ್ಯಾನು ಅಂದರೆ ಗಾಳಿಯಂತ್ರ. ಆ ಗುಡ್ಡಗಳ ಮೇಲೆಲ್ಲ ಅವೇ. ಕತ್ತಲಾದ ಮೇಲೆ ಕೆಂಪು ದೀಪಗಳು ಕಣ್ಣು ಮಿಟುಕಿಸುತ್ತವೆ. ಎರಡೂ ಅಲ್ಲ ಅಂದಾಗ ಒಬ್ಬ ವಯಸ್ಸಾದವನು ಕನ್ನಡಕ್ಕೆ ಬಂದ: "ಹಂಗಾರೆ ರೈಲಾ?" ತುಮಕೂರಿನಿಂದ ರಾಯದುರ್ಗಕ್ಕೆ 207 ಕಿಲೋಮೀಟರ್ ರೈಲು ದಾರಿ ಇವರ ಮಗ್ಗುಲಲ್ಲೇ ಹೋಗುವಂಥದ್ದು. ಸರ್ವೇ ಕಲ್ಲು ನೋಡಿ ನೋಡಿ ಆ ಜನಕ್ಕೆ ಬಟ್ಟೆಯ ಗುಡಾರ ಕಂಡರೆ ಸಾಕು, ಜಮೀನಿನ ನೆನಪಾಗುತ್ತದೆ. ಸುಮ್ಮನೆ ಮಲಗಲು ಬಂದಿದ್ದೇವೆ ಅಂತ ಮೇಷ್ಟ್ರು ಎರಡು ಭಾಷೆಯಲ್ಲೂ ಆಣೆ ಮಾಡಿದರು. ಯಾರೂ ನಂಬಲಿಲ್ಲ. "ಹೇಳ್ಬ್ಯಾಡಿ ಬಿಡಿ ಸಾಮಿ. ಎಕರೆಗೆ ಎಷ್ಟು ಅಂತ ಮಾತ್ರ ಹೇಳಿ" ಅಂದ ಆ ಹಿರಿಯ. ಹೀಗಂದವನೇ ಮನೆಗೆ ಹೋಗಿ, ನಮಗೆ ರೊಟ್ಟಿ, ಶೇಂಗಾ ಚಟ್ನಿ ತಂದುಕೊಟ್ಟ. ಜಮೀನು ಕೊಡುವುದಾದರೂ ಊಟ ಹಾಕಿ ಕೊಡುವವರು ಅವರು.

ನಂಬದೆ ಇರುವುದಕ್ಕೆ ಕಾರಣ ಹಳೆಯದೇ ಇದೆ ಅಂದರು ಮೇಷ್ಟ್ರು, ಜನ ಚದುರಿದ ಮೇಲೆ. 1800ರಲ್ಲಿ ನಿಜಾಮ ಈ ಸೀಮೆಯನ್ನು ಕಂಪನಿಗೆ ಬಿಟ್ಟುಕೊಟ್ಟಾಗ ಥಾಮಸ್ ಮನ್ರೋ ಕಲೆಕ್ಟರಾಗಿ ಬಂದ. 1807ರವರೆಗೆ ಇದ್ದ. ಆ ಕಾಲದ ಬಹುಪಾಲು ಅವನು ಕಳೆದದ್ದು ಡೇರೆಯಲ್ಲೇ: ಇವತ್ತು ಈ ಊರು, ನಾಳೆ ಆ ಊರು, ಹೊಲ ಅಳೆಸು, ಕಂದಾಯ ಗೊತ್ತುಮಾಡು. ಅವನ ಡೇರೆಯ ಮುಂದೆ ರೈತರು ನೇರವಾಗಿ ಬಂದು ಕೂರುತ್ತಿದ್ದರು. "ಅವತ್ತಿನಿಂದ ಈ ಜನಕ್ಕೆ ಗೊತ್ತು, ಟೆಂಟು ಹಾಕಿದವನು ಏನೋ ಕೇಳೋಕೇ ಬಂದಿರ್ತಾನೆ ಅಂತ."

"ಆದರೆ ಅವನು ರಾತ್ರಿ ಇದ್ದ, ಅಲ್ವಾ?" ಅಂದ ಹುಡುಗ. "ಕಚೇರಿಯಲ್ಲಿ ಕೂತಿದ್ದರೆ ಇಷ್ಟು ಗೊತ್ತಾಗ್ತಿರಲಿಲ್ಲ."

ಮೇಷ್ಟ್ರು ಉತ್ತರ ಕೊಡಲಿಲ್ಲ. ಮೊಮ್ಮಗನಿಗೆ ಮನಸ್ಸಿನಲ್ಲೇ ಮಾರ್ಕು ಹಾಕುತ್ತಿದ್ದರು ಅಂತ ಕಾಣುತ್ತದೆ.

ರಾತ್ರಿ ಮುಂದುವರಿದಂತೆ ಕುರಿಗಳ ಸದ್ದು ಕೇಳಿಸಿತು. ಪಕ್ಕದ ಹೊಲದಲ್ಲಿ ಕುರುಬರು ಮಂದೆ ನಿಲ್ಲಿಸಿದ್ದರು. ಇಬ್ಬರು ಗಂಡಸರು, ಒಂದು ನಾಯಿ, ನೂರಾರು ಕುರಿ, ತಲೆಯ ಮೇಲೆ ಕಂಬಳಿ, ಅದರ ಮೇಲೆ ಆಕಾಶ. ಹುಡುಗ ಎದ್ದು ಅಲ್ಲಿಗೇ ಹೋದ. ನಾವೂ ಹಿಂದೆ ಹೋದೆವು.

"ನೀವು ಇಲ್ಲಿ ಮಲಗೋಕೆ ಎಷ್ಟು ಕೊಡ್ತೀಯ?" ಅಂತ ಹುಡುಗ ಕೇಳಿದ. ಅವನ ಬಾಯಿಂದ 'ನೀವು' ಬಂದದ್ದು ಅದೇ ಮೊದಲು; ಅರ್ಧ ವಾಕ್ಯದ ಮಟ್ಟಿಗಾದರೂ.

ಕುರುಬನಿಗೆ ಪ್ರಶ್ನೆಯೇ ತಿಳಿಯಲಿಲ್ಲ. ತಿಳಿದಾಗ ಎಷ್ಟು ನಕ್ಕನೆಂದರೆ ನಾಯಿ ಎದ್ದು ನಿಂತಿತು. "ನಾವ್ ಯಾಕ್ ಕೊಡಾನ? ಹೊಲದೋರೇ ನಮಗ್ ಕೊಡ್ತಾರೆ!"

ನಿಜವೇ. ಸುಗ್ಗಿ ಮುಗಿದ ಹೊಲದಲ್ಲಿ ಒಂದು ರಾತ್ರಿ ಮಂದೆ ನಿಂತರೆ ಗೊಬ್ಬರ, ಗಂಜಲ ನೆಲಕ್ಕಿಳಿಯುತ್ತದೆ. ಅದಕ್ಕೇ ರೈತ ಕುರುಬನನ್ನು ಕರೆದು, ಕಾಳನ್ನೋ ದುಡ್ಡನ್ನೋ ಕೊಟ್ಟು, ನಮ್ಮ ಹೊಲದಲ್ಲಿ ಇದ್ದು ಹೋಗು ಅಂತಾನೆ. ಲಡ್ಲೋದಲ್ಲಿ ಮಲಗಿದವನು ದುಡ್ಡು ಕೊಡಬೇಕು, ಕಲ್ಯಾಣದುರ್ಗದಲ್ಲಿ ಮಲಗಿದವನಿಗೇ ಕೊಡುತ್ತಾರೆ. ವ್ಯತ್ಯಾಸ ಇಷ್ಟೇ: ಒಬ್ಬ ಹೊಲದಿಂದ ಏನೋ ತೆಗೆದುಕೊಂಡು ಹೋಗುತ್ತಾನೆ, ಇನ್ನೊಬ್ಬ ಬಿಟ್ಟು ಹೋಗುತ್ತಾನೆ.

ಕುರುಬ ನಮ್ಮ ಟೆಂಟಿನ ಕಡೆ ಕೈ ತೋರಿಸಿ, "ಗಾಳಿಗ್ ಬಾಗ್ಲು ಇಟ್ಟಿದ್ದೀರಲ್ಲ, ಬೆಳಗಾಗಾದ್ರೊಳಗೆ ಹಾರೋಗ್ತದೆ" ಅಂದ. ಬಂದು ತಿರುಗಿಸಿ ಹಾಕಿಸಿದ. ಸಂಬಳವಿಲ್ಲದ ಇಂಜಿನಿಯರ್.

ಟೆಂಟಿನೊಳಗೆ ಮೂವರೂ ಒತ್ತಾಗಿ ಮಲಗಿದಾಗ ನನಗೆ ಇದ್ದಕ್ಕಿದ್ದಂತೆ ಹೊಳೆಯಿತು: ನಾನೂ ಕ್ಯಾಂಪು ಹೋದವನೇ! ಹತ್ತು ಹನ್ನೊಂದು ವರ್ಷದವನು. ಅಪ್ಪ ಹುಣಸೆಹಣ್ಣು ಬಂಡಿಗೆ ಹೇರಿಕೊಂಡು ಹಿಂದೂಪುರಕ್ಕೆ ಹೊರಟರೆ ನಾನೂ ಹತ್ತುತ್ತಿದ್ದೆ. ರಾತ್ರಿಯೆಲ್ಲ ಪಯಣ, ಬೆಳಗ್ಗೆ ಮಂಡಿ. ಹಣ್ಣಿನ ದರ್ಜೆ ನೋಡಿ ಕರಿಪುಳಿ ಅನ್ನುವುದು ಒಂದು ಕಡೆ, ಫ್ಲವರ್ ಅನ್ನುವುದು ಒಂದು ಕಡೆ. ನಮ್ಮದು ಯಾವತ್ತೂ ಕಡಿಮೆ ಬೆಲೆಯ ಕಡೆಗೇ ಬೀಳುತ್ತಿತ್ತು. ಅವತ್ತು ವ್ಯಾಪಾರ ಕುದುರದಿದ್ದರೆ ರಾತ್ರಿ ಮೂಟೆಗಳ ಮೇಲೇ ನಿದ್ದೆ. ಹುಳಿಯ ವಾಸನೆಗೆ ಹಲ್ಲು ಜುಮ್ಮೆನ್ನುತ್ತಿತ್ತು. ಹಗಲು ಕಂಡ ಹಿಂದೂಪುರ ಗದ್ದಲದ ಊರು. ರಾತ್ರಿಯದು ಬೇರೆ. ಹಮಾಲರು ಹಾಡಿಕೊಳ್ಳುತ್ತಿದ್ದರು, ಯಾವನೋ ಬೆಲ್ಲದ ಚೂರು ಕೈಗಿಡುತ್ತಿದ್ದ, ದೂರದಲ್ಲಿ ಬೆಂಗಳೂರಿನ ರೈಲು ಕೂಗುತ್ತಿತ್ತು. ಮುಂದೆ ಕೆಲಸ ಹುಡುಕುವಾಗ ಬೇರೆ ಊರಿನ ಯೋಚನೆಯೇ ಬರಲಿಲ್ಲ. ಈ ಊರಲ್ಲಿ ನಾನು ಆಗಲೇ ಇದ್ದು ಬಂದಿದ್ದೆ.

ಇದನ್ನೆಲ್ಲ ಹುಡುಗನಿಗೆ ಹೇಳಿದೆ. ಅವನು "ಹೂಂ, ಹೂಂ" ಅನ್ನುತ್ತ ನಿದ್ದೆಹೋದ. ಮೇಷ್ಟ್ರು ಮಾತ್ರ ಕತ್ತಲಲ್ಲಿ, "ಗೌಡ್ರೇ, ಲೇಪಾಕ್ಷಿ ನೋಡಿ ಬಂದ್ವಿ, ಹೇಮಾವತಿ ನೋಡಿ ಬಂದ್ವಿ. ಇದ್ದು ಬಂದದ್ದು ನಿಮ್ಮ ಅಕ್ಕನ ಮನೇಲಿ, ಈ ಹೊಲದಲ್ಲಿ. ಎರಡೇ ನೆನಪಿರೋದು ನೋಡಿ" ಅಂದರು. ಅದಕ್ಕೇ ಇರಬೇಕು, ನಮ್ಮ ಜನ ಬಂದವರಿಗೆ ನೋಡಿ ಹೋಗಿ ಅನ್ನುವುದಿಲ್ಲ. ಒಂದು ದಿನ ಇದ್ದು ಹೋಗಿ ಅನ್ನುತ್ತಾರೆ.

ಸಂಕ್ರಾಂತಿಗೆ ಮೊದಲೇ ಹುಡುಗ ಹೊರಟುಹೋದ. ಸಾಮಾನು ತೂಕ ಜಾಸ್ತಿಯಾಯಿತು. ಟೆಂಟು ತೆಗೆದು ಹುರಿಗಡಲೆ ಚಟ್ನಿಪುಡಿ, ಹುಣಸೆ ತೊಕ್ಕು ತುಂಬಿದರು.

ಮಾರ್ಚಿನಲ್ಲಿ ಒಂದು ಮಧ್ಯಾಹ್ನ ಮೇಷ್ಟ್ರ ಮನೆಯವರು ತೊಂಡೆ ಬಳ್ಳಿಯ ಮೇಲಿಂದ ಒಂದು ಹುಣಸೆ ಉಂಡೆ ಚಾಚಿದರು. ಹೊಸ ಹಣ್ಣು, ಬೀಜ ತೆಗೆದು, ಉಪ್ಪು ಹಾಕಿ, ಒಣಗಿಸಿದ್ದು. ವಾಸನೆಗೇ ನನ್ನ ಹಲ್ಲು ಜುಮ್ಮೆಂದಿತು.

"ಎಲ್ಲಿ ಒಣಗಿಸಿದ್ರಿ ಅಕ್ಕ, ಒಂದು ಕಲ್ಲಿಲ್ಲ, ಮಣ್ಣಿಲ್ಲ?"

"ಮಾಳಿಗೆ ಮೇಲೆ, ಆ ಟೆಂಟಿನ ಬಟ್ಟೆ ಹಾಸಿ. ಮೇಲಕ್ಕೆ ಅದರದೇ ಸೊಳ್ಳೆಪರದೆ. ಕಾಗೆ ಹತ್ತಿರ ಬರಲ್ಲ. ಇಂಗ್ಲೆಂಡಿನೋರು ಬುದ್ಧಿವಂತರಪ್ಪ, ಹುಣಸೆಹಣ್ಣಿಗೆ ಅಂತಲೇ ಮಾಡ್ದಂಗಿದೆ."

ಹಿಂದೆಯೇ ಮೇಷ್ಟ್ರ ತಲೆ ಎದ್ದಿತು. "ನೆನ್ನೆ ಮೊಮ್ಮಗ ಫೋನ್ ಮಾಡಿದ್ದ ಗೌಡ್ರೇ. ಮುಂದಿನ ಡಿಸೆಂಬರಿಗೆ ಬರ್ತೀಯೇನಪ್ಪಾ ಅಂದೆ. 'ನೋಡ್ತೀನಿ ತಾತ' ಅಂದ."

"ನೀವೇನಂದ್ರಿ?"

"ನೋಡೋದು ಆಯ್ತಲ್ಲಪ್ಪ, ಈ ಸಲ ಇದ್ದು ಹೋಗು ಅಂದೆ."